ಹಿಟ್ಟಿನ ಚೀಲದ ಅಂಗಿ

“ಸುಳ್ಳು! ಹಸೀ ಸುಳ್ಳು! ಡೆಸ್ಮಂಡ್, ನಿಲ್ಲಿಸೋ ಆ ಮಿಷನ್ನ!”

ಕ್ವೀನಿ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಉರುಳಿತು. ಅದರಡಿ ಮಲಗಿದ್ದ ನಾಯಿ ಕುಂಯ್‌ಗುಟ್ಟುತ್ತ ಬಾಗಿಲಿನತ್ತ ಓಡಿತು. ಶಾಲೆಯ ಹಾಲಿನ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಮಟಮಟ ಮಧ್ಯಾಹ್ನವನ್ನು ಕತ್ತಲು ಮಾಡಿದ್ದರು. ಗೋಡೆಯ ಮೇಲೆ ಸಿನಿಮಾ ಓಡುತ್ತಲೇ ಇತ್ತು. ಒಣಗಿದ ಹೊಳೆಯ ದಂಡೆಯಲ್ಲೊಂದು ನೀಲಗಿರಿ ಮರ. ಅದರ ಕೊಂಬೆಗೆ ಪುಟ್ಟದೊಂದು ಅಂಗಿ, ಹಿಟ್ಟಿನ ಚೀಲ ಹರಿದು ಹೊಲಿದದ್ದು. ಅದರ ಕೆಳಗೆ ಕೂತು ದಾರಿ ನೋಡುತ್ತಿರುವ ಒಬ್ಬ ತಾಯಿ.

“ಇನ್ನೇನು ಹತ್ತು ನಿಮಿಷ ಅದೆ ಅತ್ತೆ, ಮುಗೀಲಿ ತಡಿ,” ಅಂದ ಡೆಸ್ಮಂಡ್. ಅವನು ಕ್ವೀನಿಯ ತೀರಿಹೋದ ಅಣ್ಣನ ಮಗ. ಒಂದು ಕಾಲಕ್ಕೆ ಫುಟ್‌ಬಾಲ್ ಆಡುತ್ತಿದ್ದ, ಈಗ ಹೊಟ್ಟೆ ಬೆಳೆಸಿಕೊಂಡು ಊರಿನ ಮಿಷನ್ನುಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದ.

“ಮುಗಿಯೋದು ಬೇಡ! ನಮ್ಮವ್ವ ಹಂಗೆ ಕೂತಿರಲೇ ಇಲ್ಲ. ಮರಕ್ಕೆ ಮಗೀನ ಅಂಗಿ ಕಟ್ಟಿ ಕಾಯ್ಕೊಂಡು ಕೂರಕ್ಕೆ ಅವಳಿಗೇನು ಹುಚ್ಚು ಹಿಡಿದಿತ್ತಾ?”

ಮುಂದಿನ ಸಾಲಿನಲ್ಲಿ ಕೂತಿದ್ದ ಹೇಜಲ್ ತಿರುಗಿದಳು. ಅವಳು ಕ್ವೀನಿಯ ಒಡಹುಟ್ಟಿದ ತಂಗಿ. ಈ ಸಿನಿಮಾ ಅವಳ ಕಥೆ.

“ಅಕ್ಕಾ, ಕೂತ್ಕೋ. ಎಲ್ಲರೂ ನೋಡ್ತಿದಾರೆ.”

“ನೋಡ್ಲಿ. ಎಲ್ಲರಿಗೂ ತೋರ್ಸಕ್ಕೆ ತಾನೆ ತಂದಿರೋದು?”

“ಆ ಅಂಗಿ ನನ್ನದು ಅಕ್ಕಾ.”

“ಹೂಂ, ನಿಂದೇ. ಅದನ್ನ ಸುಟ್ವಿ! ನಾನೇ ಸೌದೆ ತಂದಿದ್ದೆ!”

ಗೋಡೆಯ ಮೇಲೆ ಕೊನೆಯ ದೃಶ್ಯ ಬಂದಿತ್ತು. ಕೂದಲು ನರೆತ ಮಗಳು ದೂರದಿಂದ ನಡೆದು ಬರುತ್ತಾಳೆ. ತಾಯಿ ಎದ್ದು ನಿಂತು, ಅವಳ ಹೆಸರು ಹಿಡಿದು ಕೂಗಲು ಬಾಯಿ ತೆರೆಯುತ್ತಾಳೆ. ಬಾಯಿ ಆಡುತ್ತದೆ, ಮಾತು ಕೇಳುವುದಿಲ್ಲ. ಬರೀ ಗಾಳಿ. ಡೆಸ್ಮಂಡ್ ಗಾಬರಿಯಾಗಿ ಸ್ಪೀಕರಿನ ನೆತ್ತಿಗೆ ಎರಡೇಟು ಹಾಕಿದ.

“ಮುಟ್ಟಿದ್ದೆಲ್ಲ ಕೆಡಿಸ್ತಾನೆ ಇವನು,” ಎಂದು ಹಿಂದಿನಿಂದ ಯಾರೋ ನಕ್ಕರು.

“ಕೆಟ್ಟಿಲ್ಲ,” ಎಂದಿತು ಕತ್ತಲಲ್ಲಿ ಒಂದು ಸಣ್ಣ ದನಿ. “ಅದು ಹಾಗೇ ಇರೋದು.”

ಆ ದನಿ ಲಿಯಾನಳದು. ಸಿನಿಮಾ ತೆಗೆದವಳು ಅವಳೇ. ಅವಳೂ ನಮ್ಮ ಹಾಗೆ ಈ ದೇಶದ ಮೂಲ ಜನದವಳೇ, ಆದರೆ ಸಮುದ್ರದ ಕಡೆಯವಳು. ಅವಳ ಸ್ವಂತ ಅಜ್ಜಿಯನ್ನೂ ಮಗುವಾಗಿದ್ದಾಗ ಹೇಜಲ್‌ಳ ಹಾಗೇ ತಾಯಿಯಿಂದ ಕಿತ್ತು ಸರ್ಕಾರದವರು ಎತ್ತಿಕೊಂಡು ಹೋಗಿದ್ದರು. ಹಾಗಾಗಿ ನೋವು ಅವಳಿಗೆ ಗೊತ್ತಿತ್ತು. ಈ ಕೆಂಪು ನೆಲದ ಕಟ್ಟಳೆ ಗೊತ್ತಿರಲಿಲ್ಲ. ಯಾರ ಕಥೆಯೋ ಅವರು ತಲೆಯಾಡಿಸದೆ ಸಿನಿಮಾ ಊರು ದಾಟಬಾರದು ಎಂಬ ಮರ್ಯಾದೆ ಮಾತ್ರ ಗೊತ್ತಿತ್ತು. ಅದಕ್ಕೇ ಪಟ್ಟಣದ ದೊಡ್ಡ ಪರದೆಗೂ ಮೊದಲು ಎರಡು ದಿನದ ದಾರಿ ಸವೆಸಿ ಇದನ್ನು ಟೂ ಮೈಲ್ ಬೋರ್ ಎಂಬ ಈ ಊರಿಗೆ ತಂದಿದ್ದಳು.

ಹೊರಗೆ ಬಿಸಿಲಿಗೆ ಬಂದ ಮೇಲೆ ಅವಳು ಕ್ವೀನಿಯ ಹಿಂದೆಯೇ ಓಡೋಡಿ ಬಂದಳು. “ಆಂಟಿ, ಒಂದು ನಿಮಿಷ. ಆ ಅಂಗೀನ ನೀವು ನಿಜವಾದ ಅಂಗಿ ಅಂತ ನೋಡಬಾರದು. ಅದೊಂದು ಸಂಕೇತ. ತಾಯಿ ಆಸೆ ಬಿಟ್ಟಿರಲಿಲ್ಲ ಅನ್ನೋದಕ್ಕೆ.”

“ಸಂಕೇತ ಅಂದ್ರೆ?”

“ಅಂದ್ರೆ... ಒಂದನ್ನ ತೋರಿಸಿ ಇನ್ನೊಂದನ್ನ ಹೇಳೋದು.”

“ನಮ್ಮ ಕಡೆ ಅದಕ್ಕೆ ಸುಳ್ಳು ಅಂತಾರೆ.”

ಹಾಲಿನ ಪಕ್ಕ ನಿಂತಿದ್ದ ತನ್ನ ಸಣ್ಣ ಬಿಳೀ ಕಾರಿನೊಳಗೆ ಹೇಜಲ್ ಹೋಗಿ ಕೂತಿದ್ದಳು. ಅಂಥ ಬಿಸಿಲಿನಲ್ಲೂ ನಾಲ್ಕೂ ಗಾಜು ಏರಿಸಿದ್ದಳು. ಹಿಂದಿನ ಸೀಟಿನ ತುಂಬ ಚೀಲ, ರಗ್ಗು, ಒಂದು ಹೊಲಿಗೆ ಮಿಷನ್ನು. ಪ್ರತಿ ಚಳಿಗಾಲಕ್ಕೆ ಆರೆಂಟು ವಾರ ಬಂದು ಹೋಗುತ್ತಿದ್ದವಳು ಈ ಸಲ ದೂರದ ಅಡಿಲೇಡ್ ನಗರದ ಬಾಡಿಗೆ ಮನೆ ಬಿಟ್ಟು ಬಂದಿದ್ದಳು. ಇನ್ನು ಇಲ್ಲೇ ಇರುತ್ತೇನೆ ಎಂದಿದ್ದಳು. ಕ್ವೀನಿ ಅವಳಿಗಾಗಿ ಪಕ್ಕದ ಕೋಣೆ ಗುಡಿಸಿ, ಮಂಚದ ಕಾಲು ಸರಿಮಾಡಿಸಿ, ಅಲ್ಲಿ ಮಲಗುತ್ತಿದ್ದ ಮೂರು ನಾಯಿಗಳನ್ನು ಒದ್ದು ಓಡಿಸಿದ್ದಳು. ಗಂಡ ಸತ್ತು ಒಂಬತ್ತು ವರ್ಷ. ಮಗ ಪಟ್ಟಣ ಸೇರಿದ್ದ. ಬೆಂಕಿಯ ಎದುರು ಕೂತು, ‘ಅವ್ವ ಹಿಂಗೆ ಮಾಡ್ತಿದ್ಲಲ್ಲ’ ಅಂದರೆ ‘ಹೌದು’ ಅನ್ನುವ ಒಂದು ಜೀವ ಈ ಭೂಮಿ ಮೇಲೆ ಅವಳಿಗೆ ಉಳಿದಿರಲಿಲ್ಲ. ಹೇಜಲ್‌ಗೂ ಅವ್ವ ನೆನಪಿಲ್ಲ, ನಿಜ. ಆದರೂ ಅದೇ ಹೊಟ್ಟೆಯಿಂದ ಬಂದವಳು. ಪಕ್ಕದಲ್ಲಿದ್ದರೆ ಸಾಕು.

ಆ ತಂಗಿ ಇನ್ನೂ ಚೀಲ ಇಳಿಸುವ ಮೊದಲೇ ಊರ ಮುಂದೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದಾಯಿತು. ಕ್ವೀನಿ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡಳು. ನಾಲಿಗೆ ಅವಳ ಮಾತು ಎಂದೂ ಕೇಳಿದ್ದಿಲ್ಲ.

ಅರವತ್ತೊಂದು ವರ್ಷದ ಕೆಳಗೆ ಸರ್ಕಾರದ ಲಾರಿ ಬಂದಾಗ ಕ್ವೀನಿಗೆ ಎಂಟು ವರ್ಷ, ತಂಗಿಗೆ ನಾಲ್ಕು. ಅವ್ವ ದನದ ಧಣಿಯ ಮನೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಟೋಪಿಯವನೊಬ್ಬ ಇಳಿದ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದ. ತಂಗಿಯ ಅಪ್ಪ ಬಿಳಿಯ. ಬಿಳಿಯರ ರಕ್ತ ಬೆರೆತ ಮಕ್ಕಳನ್ನು ಕೊಂಡೊಯ್ದು ಬಿಳಿಯರ ಹಾಗೆ ಬೆಳೆಸುವುದು ಆಗಿನ ಸರ್ಕಾರದ ಕಾನೂನು. ಮಗು ಜೇನಿನ ಬಣ್ಣಕ್ಕಿತ್ತು. ಅವಳನ್ನು ಎತ್ತಿ ಲಾರಿಯಲ್ಲಿ ಕೂರಿಸಿಕೊಂಡ. ಕ್ವೀನಿಯನ್ನು ಮುಟ್ಟಲಿಲ್ಲ. ಅವಳು ಕಪ್ಪು.

ಅವ್ವ ಚಕ್ರದ ಗುರುತು ಹಿಡಿದು ಎರಡು ದಿನ ನಡೆದಳು. ಮೂರನೆಯ ದಿನ ಪಾದ ಒಡೆದು ಹಿಂದಕ್ಕೆ ಬಂದಳು. ಒಂದು ಬೇಸಿಗೆ ಕಳೆಯಿತು, ಒಂದು ಚಳಿ ಕಳೆಯಿತು. ಆ ಲಾರಿ ಹತ್ತಿದ ಮಗು ಯಾವುದೂ ತಿರುಗಿ ಬಂದಿರಲಿಲ್ಲ. ಕೊನೆಗೆ ಹಿರಿಯ ಹೆಂಗಸರು ಕೂತು ಮಾತಾಡಿ, ಸತ್ತವರಿಗೆ ಮಾಡುವುದನ್ನು ಮಾಡಿಬಿಡೋಣ ಅಂದರು. ಅವ್ವ ತಲೆಗೂದಲು ಬುಡಮಟ್ಟ ಕತ್ತರಿಸಿಕೊಂಡಳು. ಮೈಗೆ ಬಿಳೀ ಜೇಡಿ ಬಳಿದುಕೊಂಡಳು. ಹಿಟ್ಟಿನ ಚೀಲದ ಅಂಗಿಯನ್ನು ಬೆಂಕಿಗೆ ಹಾಕಿದಳು. ಪುಟ್ಟ ಹೆಜ್ಜೆ ಗುರುತು ಒಂದೂ ಉಳಿಯದ ಹಾಗೆ ಹಸಿ ಸೊಪ್ಪಿನ ಕೊಂಬೆಯಿಂದ ನೆಲ ಗುಡಿಸಿದರು. ಬಿಡಾರ ಕಿತ್ತು ಹೊಳೆಯ ಆಚೆ ದಡಕ್ಕೆ ಹೋದರು. ಸತ್ತವರ ಹೆಸರು ಎತ್ತಬಾರದು, ಎತ್ತಿದರೆ ಹೋದ ಜೀವ ಕರೆದರೆಂದು ತಿರುಗಿ ನಿಲ್ಲುತ್ತದೆ. ಅಂದಿನಿಂದ ಆ ಮಗುವಿನ ಹೆಸರನ್ನು ಯಾರೂ ಎತ್ತಲಿಲ್ಲ.

ಹೇಜಲ್ ಹುಡುಕಿಕೊಂಡು ಬಂದದ್ದು ತನ್ನ ನಲವತ್ತೆರಡನೆಯ ವಯಸ್ಸಿಗೆ. ಅವ್ವ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು.

*

ಮರುದಿನ ಬೆಳಿಗ್ಗೆ ಕ್ವೀನಿ ಮನೆ ಮುಂದಿನ ಬೆಂಕಿಯಲ್ಲಿ ಕೆಂಡ ಸರಿಸಿ ಹಿಟ್ಟಿನ ರೊಟ್ಟಿಯನ್ನು ಬೂದಿಯಲ್ಲಿ ಹೂತಿಟ್ಟಿದ್ದಳು. ಹೇಜಲ್ ಕೋಣೆಯಿಂದ ಬಂದು, ಎದುರಿಗಿದ್ದ ಡಬ್ಬಿಯ ಮೇಲೆ ಕೂತಳು. ಕಣ್ಣು ಊದಿದ್ದವು. ಕ್ವೀನಿ ಕರೀ ಟೀಗೆ ನಾಲ್ಕು ಚಮಚ ಸಕ್ಕರೆ ಸುರಿದು ಲೋಟ ಮುಂದಿಟ್ಟಳು. ಕ್ಷಮಿಸು ಅನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ. ಸಕ್ಕರೆಯೇ ಆ ಮಾತು.

“ಸುಟ್ಟಿರಾ?” ಅಂದಳು ಹೇಜಲ್.

“ಸುಟ್ವಿ.”

“ಅಮ್ಮ ತಾನೇ ಕೈಯಾರೆ?”

“ಕೈಯಾರೆ.”

“ನಾನು ಆಗ ಬದುಕಿದ್ದೆ ಅಕ್ಕಾ. ಐದು ವರ್ಷ ನನಗೆ. ಬೂಟು ಹಾಕಿಸ್ಕೊಂಡು ಸಾಲಲ್ಲಿ ನಿಂತು ಪ್ರಾರ್ಥನೆ ಬಾಯಿಪಾಠ ಮಾಡ್ತಿದ್ದೆ. ನನ್ನಂಥ ಮಕ್ಕಳನ್ನ ತಂದಿಡ್ತಿದ್ದ ಆ ‘ಹೋಮ್‌’ನಲ್ಲಿ ಎಂಟು ಮಂಚ, ಎಂಟು ಹುಡುಗೀರು. ದೀಪ ಆರಿಸಿದ ಮೇಲೆ ಒಬ್ಬೊಬ್ಬರೂ ಅಮ್ಮಂದಿರ ಕಥೆ ಹೇಳ್ತಿದ್ವಿ. ನಮ್ಮಮ್ಮ ನನ್ನ ಅಂಗೀನ ಮರಕ್ಕೆ ಕಟ್ಟಿದಾಳೆ, ದೂರದಿಂದ ಕಾಣಲಿ, ದಾರಿ ತಪ್ಪದೆ ಬರಲಿ ಅಂತ... ಅದನ್ನ ನಾನು ಕಟ್ಟಿದ ಕಥೆಯೋ, ಕಂಡಿದ್ದೋ, ಈಗ ನನಗೇ ಗೊತ್ತಿಲ್ಲ. ಆದರೆ ಆ ಅಂಗಿ ಹಿಡ್ಕೊಂಡೇ ನಾನು ಇಷ್ಟು ವರ್ಷ ಇದ್ದದ್ದು. ನಿನ್ನೆ ನೀನು ಅದನ್ನ ಸುಟ್ಟೆ ಅಂದೆ.”

ಕ್ವೀನಿ ಕೋಲಿನಿಂದ ಬೂದಿ ಕೆದಕಿದಳು. “ನೋಡು, ನಂಗೆ ನಯವಾಗಿ ಹೇಳಕ್ಕೆ ಬರಲ್ಲ. ಮರಕ್ಕೆ ಅಂಗಿ ಕಟ್ಟೋದು ಸುಲಭ ಕಣೆ. ಕಟ್ಟಿ ಹೋದ್ರೆ ಆಯ್ತು. ಸುಡೋದು ಸುಲಭ ಅಲ್ಲ. ನನ್ನಪ್ಪ ಸತ್ತಾಗ ಅವ್ವ ಕೂದಲು ಕತ್ತರಿಸಿದ್ದು ಒಂದ್ಸಲ. ನಿನಗೆ ಎರಡ್ಸಲ. ಒಂದ್ಸಲ ಬೆಳೆದ ಮೇಲೆ ಇನ್ನೂ ಸಾಲದು ಅಂತ ಮತ್ತೆ ಕತ್ತರಿಸಿಕೊಂಡ್ಲು. ಅಂಗಿ ಯಾಕೆ ಸುಡ್ತಾರೆ ಅಂದ್ರೆ, ಮಗೀನ ಜೀವ ಚಳೀಲಿ ಬಂದು ತನ್ನ ಬಟ್ಟೆ ಹುಡುಕ್ಕೊಂಡು ಅಲೀಬಾರದು ಅಂತ. ಬೆಚ್ಚಗೆ ಹೋಗ್ಲಿ ಅಂತ. ನಿನ್ನ ಮರೀಲಿ ಅಂತ ಸುಟ್ಟಿದ್ದಲ್ಲ. ನಿನ್ನ ಬೆಚ್ಚಗಿಡಕ್ಕೆ ಅವಳ ಹತ್ರ ಇದ್ದದ್ದು ಅದೊಂದೇ ಬೆಂಕಿ.”

ಹೇಜಲ್ ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. “ಎರಡು ಸಲ ಕತ್ತರಿಸಿಕೊಂಡಳಾ?” ಎಂದು ಕೇಳಿದಳು.

“ಎರಡು ಸಲ. ನಾನೇ ಕತ್ತರಿ ಹಿಡಿದಿದ್ದು. ಕುರಿ ಕೂದಲು ಕತ್ತರಿಸೋದು. ಮೊಂಡಾಗಿತ್ತು.”

ಹೇಜಲ್ ಅಳುತ್ತ ನಕ್ಕಳು. ರೊಟ್ಟಿ ಹೊರಗೆ ತೆಗೆದು ಬೂದಿ ಕೊಡವಿ ಮುರಿದರು. ಇಬ್ಬರೂ ಅದನ್ನು ತಿಂದರು. ಅಷ್ಟರಲ್ಲಿ ರಾತ್ರಿ ಶಾಲೆಯ ಹಾಲಿನಲ್ಲಿ ಮಲಗಿದ್ದ ಲಿಯಾನ್ ಹೆದರುತ್ತ ಹೆದರುತ್ತ ಬಂದು ನಿಂತಳು. ಹೇಜಲ್ ಅವಳನ್ನು ಕೂರಿಸಿ, ಬೆಂಕಿಯ ಮಾತು, ಕೂದಲಿನ ಮಾತು ಎಲ್ಲ ತಾನೇ ಹೇಳಿದಳು. ಕೇಳುತ್ತ ಕೇಳುತ್ತ ಹುಡುಗಿಯ ಮುಖ ಬದಲಾಯಿತು.

“ಇದೇ, ಆಂಟಿ! ನನಗೆ ಬೇಕಾಗಿದ್ದು ಇದೇ. ನನ್ನ ಮರ, ನನ್ನ ಅಂಗಿ ಎಲ್ಲ ಪೇಟೆಯೋರು ಅಳೋದಕ್ಕೆ ಮಾಡಿದ್ದು. ಇದು ನಿಮ್ಮದು. ಅಂಗಿ ಸುಡೋದನ್ನ ಇಲ್ಲೇ ತೆಗೀತೀನಿ. ಅಮ್ಮನ ಪಾತ್ರ ಮಾಡಿದೋರು ಪಟ್ಟಣದಲ್ಲೇ ಇದಾರೆ, ಈಗಲೇ ಹೊರಟರೆ ನಾಳೆ ಸಂಜೆಗೆ ಬರ್ತಾರೆ.” ಅವಳು ಕ್ವೀನಿಯ ಕಡೆ ತಿರುಗಿದಳು. “ಮತ್ತೆ ಆ ಕೊನೇ ದೃಶ್ಯ. ಹೆಸರು ಎತ್ತಬಾರದು ಅಂತ ನೀವು ಅಂದಿದ್ದನ್ನ ಆಂಟಿ ಹೇಜಲ್ ಹೇಳಿದ್ದಕ್ಕೆ ಅಲ್ಲಿ ಮಾತು ತೆಗೆದು ಗಾಳಿ ಇಟ್ಟಿದ್ದೆ. ಮರ್ಯಾದೆಗೆ. ಆದರೆ ಬದುಕಿರೋಳಿಗೆ ಸೂತಕ ಎಷ್ಟು ವರ್ಷ, ಆಂಟಿ?”

ಹೇಜಲ್ ಅಕ್ಕನ ಮಂಡಿಯ ಮೇಲೆ ಕೈ ಇಟ್ಟಳು.

“ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಮೊದಲ ಸಲ ಬಂದಾಗ ಕೇಳಿದೆ, ನೀನು ಅವ್ವ ಹೋಗಿ ಇನ್ನೂ ನಾಲ್ಕೇ ವರ್ಷ, ಈಗ ಬೇಡ ಅಂದೆ. ಆಮೇಲೆ ಕೇಳಿದೆ, ಪದ್ಧತಿ ಅಂದೆ. ಆಯ್ತು ಅಂತ ಸುಮ್ಮನಾದೆ. ಹೇಜಲ್ ಅನ್ನೋದು ಹೋಮಿನ ಅಡುಗೆಯವಳ ಹೆಸರು ಅಕ್ಕಾ. ಅವಳು ಬಿಟ್ಟು ಹೋದ ವಾರ ನಾನು ಹೋಗಿ ಸೇರಿದೆ, ಅವಳ ಏಪ್ರನ್ನಿನ ಮೊಳೆ ಖಾಲಿ ಇತ್ತು, ಮೇಲೆ ಹೆಸರು ಬರೆದಿತ್ತು. ಇಷ್ಟೇ. ನೀನು ನನ್ನ ಸತ್ತವಳು ಅಂತ ಅತ್ತಿದ್ದಾಯ್ತು. ಈಗ ಬದುಕಿದೀನಿ ಅಂತ ಒಂದು ಸಲ ಕೂಗು. ಅಮ್ಮ ಇಟ್ಟ ಹೆಸರು ಹಿಡಿದು ಕೂಗು. ಆಮೇಲೆ ನಾನು ಸಾಯೋವರೆಗೂ ಈ ಬೆಂಕಿ ಬಿಟ್ಟು ಏಳಲ್ಲ.”

“ನಾಳೆ,” ಅಂದಳು ಕ್ವೀನಿ. ತನ್ನ ದನಿ ತನಗೇ ಯಾರದೋ ಅನ್ನಿಸಿತು. “ನಾಳೆ ಹೇಳ್ತೀನಿ.”

*

ಆ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಒಂದು ಕಾಲಕ್ಕೆ ಗೊತ್ತಿತ್ತು. ಆದರೆ ಹೆಸರು ಹಿಡಿದು ಕೂಗುವುದು ಬಿಳಿಯರ ಚಾಳಿ. ಮನೆಯಲ್ಲಿ ಯಾರೂ ಕೂಗುತ್ತಿರಲಿಲ್ಲ. ಅಕ್ಕ, ತಂಗಿ, ಅವ್ವ, ಮಾವ, ಅಷ್ಟೇ. ಹೆಸರು ಒಳಗಿನದು, ಅಪರೂಪಕ್ಕೆ ಹೊರಗೆ ಬರುವುದು. ತಂಗಿಯ ಹೆಸರನ್ನು ಅವಳು ನಾಲ್ಕು ವರ್ಷದಲ್ಲಿ ಕೈಬೆರಳೆಣಿಕೆಯಷ್ಟು ಸಲ ಕೇಳಿದ್ದಿರಬಹುದು. ಆಮೇಲೆ ಕಟ್ಟಳೆ ಬಂತು. ಎಂಟು ವರ್ಷದ ಹುಡುಗಿ ಆ ಕಟ್ಟಳೆಯನ್ನು ದೊಡ್ಡವರಿಗಿಂತ ನಿಯತ್ತಾಗಿ ಹಿಡಿದಳು. ಬಾಯಲ್ಲಿ ಅನ್ನುವುದಿರಲಿ, ಮನಸ್ಸಿನಲ್ಲಿ ಬಂದರೂ ತುಟಿ ಕಚ್ಚಿ ಆಚೆ ನೂಕುತ್ತಿದ್ದಳು. ನೂಕಿ ನೂಕಿ, ಒಂದು ದಿನ ಅದು ಬರುವುದೇ ನಿಂತಿತು. ಯಾವ ದಿನ ನಿಂತಿತೋ ಅದೂ ಗೊತ್ತಿಲ್ಲ.

ಹೇಜಲ್ ಬಂದು ಕೇಳಿದಾಗ, ‘ಮರೆತೆ’ ಅನ್ನಲು ಬಾಯಿ ಬರದೆ ಮೊದಲು ‘ಈಗ ಬೇಡ’, ಆಮೇಲೆ ‘ಪದ್ಧತಿ’ ಅಂದಳು. ಅದಾದ ಮೇಲೆ ಕದ್ದು ಹುಡುಕಿದಳು. ಸರ್ಕಾರದ ಕಾಗದದಲ್ಲಿ ‘ಬೆರಕೆ ಹುಡುಗಿ, ಅಂದಾಜು ನಾಲ್ಕು ವರ್ಷ’ ಎಂದಷ್ಟೇ ಇತ್ತು. ಹಳಬರನ್ನು ಒಬ್ಬೊಬ್ಬರಾಗಿ ಕೇಳಿದಳು, ಒಬ್ಬೊಬ್ಬರಾಗಿ ಸತ್ತರು. ಕೊನೆಗೆ ಉಳಿದವಳು ಪಟ್ಟಣದ ವೃದ್ಧಾಶ್ರಮದಲ್ಲಿದ್ದ ಮುದುಕಿ ರೂಬಿ. ಆರು ವರ್ಷದ ಕೆಳಗೆ ಅವಳ ಹಾಸಿಗೆಯ ಪಕ್ಕ ಕೂತು ಕಿವಿಯಲ್ಲಿ ಕೇಳಿದಾಗ, ಮುದುಕಿ ಕುರುಡುಗಣ್ಣು ಅರಳಿಸಿ ಬೈದಿದ್ದಳು. “ನಾಚಿಕೆ ಆಗಲ್ವೇನೇ? ನಿಮ್ಮವ್ವ ಅಷ್ಟು ಅತ್ತು ಮುಚ್ಚಿದ್ದನ್ನ ನನ್ನ ಬಾಯಲ್ಲಿ ಬಿಚ್ಚಿಸ್ತೀಯಾ? ಏಳು ಇಲ್ಲಿಂದ!” ಕ್ವೀನಿ ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಯೋಚಿಸಿದ್ದಳು: ಮುದುಕಿ ಬಚ್ಚಿಟ್ಟಳೋ, ಅವಳಿಗೂ ಮರೆತು ನನ್ನ ಹಾಗೇ ಕಟ್ಟಳೆಯ ಹಿಂದೆ ಅಡಗಿದಳೋ?

ಆ ದಿನವೆಲ್ಲ ಹೇಜಲ್‌ಗೆ ಹಬ್ಬ. ಶಾಲೆಯ ಬಳಿ ನಿಂತಿದ್ದ ಕಾರಿನಿಂದ ಚೀಲಗಳನ್ನು ಹೊತ್ತು ತಂದಳು. ಹೊಲಿಗೆ ಮಿಷನ್ನನ್ನು ಕಿಟಕಿಯ ಬಳಿ ಇಟ್ಟಳು. ಕೋಣೆಗೆ ಪರದೆ ಕಟ್ಟಿದಳು. ಓಡಿಸಿದ್ದ ನಾಯಿಗಳನ್ನು ತಾನೇ ಕರೆದು ಒಳಗೆ ಸೇರಿಸಿಕೊಂಡಳು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, “ನಾಳೆ ಬನ್ನಿ, ಅಕ್ಕ ನನ್ನ ಹೆಸರು ಹೇಳ್ತಾಳೆ,” ಅಂದಳು.

ಕ್ವೀನಿ ಸೌದೆಯ ನೆಪ ಹೇಳಿ ಒಣಹೊಳೆಗೆ ಇಳಿದಳು. ಡೆಸ್ಮಂಡ್ ಟೊಯೋಟಾ ತಂದು ಮರಳ ಅಂಚಿನಲ್ಲಿ ನಿಲ್ಲಿಸಿದ. ಮುಲ್ಗಾ ಮರದ ಒಣ ಕಟ್ಟಿಗೆಯನ್ನು ಮುರಿದು ಮುರಿದು ಗಾಡಿಗೆ ಎಸೆಯುತ್ತ, ಕ್ವೀನಿ ಅವನ ಮುಖ ನೋಡದೆ ವಿಷಯ ಹೇಳಿದಳು. ಅವನು ಎತ್ತಿದ ಕಟ್ಟಿಗೆ ಕೈಯಲ್ಲೇ ಉಳಿಯಿತು.

“ಯಾರಿಗೂ ಗೊತ್ತಿಲ್ವಾ?”

“ಗೊತ್ತಿದ್ದೋರೆಲ್ಲ ಮಣ್ಣಲ್ಲವ್ರೆ.”

ಡೆಸ್ಮಂಡ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಹಂಗಾರೆ ಯಾವುದೋ ಒಂದು ಹೇಳಿಬಿಡು ಅತ್ತೆ. ಮುತ್ತಜ್ಜಿದು ಅದೆಯಲ್ಲ, ಅದನ್ನ ಹೇಳು. ಚೆನ್ನಾಗೂ ಅದೆ. ಅವಳೂ ಖುಷಿ, ಆ ಸಿನಿಮಾ ಹುಡುಗೀನೂ ಖುಷಿ.”

“ನಿನ್ನ ಹುಟ್ಟಿಸಿದ್ದು ಕುಡಿದ ಹೊತ್ತಲ್ಲಾ? ಹೆಸರು ಅಂದ್ರೆ ಫುಟ್‌ಬಾಲ್ ಬನೀನು ಅಂದ್ಕೊಂಡ್ಯಾ, ಒಬ್ಬಳದು ಇನ್ನೊಬ್ಬಳಿಗೆ ತೊಡಿಸಕ್ಕೆ? ಆ ಮಗು ಯಾವ ನೀರಿನ ಹೊಂಡದ ಹತ್ರ ಅವ್ವನ ಹೊಟ್ಟೇಲಿ ಮೊದಲ್ಸಲ ಮಿಸುಕ್ತೋ ಆ ನೆಲದ ಹೆಸರು ಅದು. ಯಾವ ಹೊಂಡ ಅಂತ ಅವ್ವನ್ನ ಬಿಟ್ರೆ ಯಾರಿಗೆ ಗೊತ್ತು? ಮುತ್ತಜ್ಜಿದು ಹಾಕಿದ್ರೆ ಮುತ್ತಜ್ಜಿ ನೆಲ ಹಾಕಿದ ಹಂಗೆ. ನಾಳೆ ಸತ್ತರೆ ಬೇರೆಯೋರ ನೆಲಕ್ಕೆ ಹೋಗಿ ನಿಲ್ತಾಳೆ, ಅಲ್ಲಿಯೋರು ಯಾರು ನೀನು ಅಂತಾರೆ. ಸಾಲದಾ ಅವಳಿಗೆ, ಬದುಕಿದ್ದಷ್ಟೂ ಅನ್ನಿಸ್ಕೊಂಡಿದ್ದು?”

“ಯಾರಿಗೆ ಗೊತ್ತಾಯ್ತದೆ ಅತ್ತೆ?”

“ನಂಗೆ ಗೊತ್ತಾಯ್ತದೆ.”

“ನಿನ್ನೊಬ್ಬಳಿಗೆ ತಾನೆ?”

ಕ್ವೀನಿ ಇನ್ನೊಂದು ಕಟ್ಟಿಗೆ ಮುರಿದು ಗಾಡಿಗೆ ಎಸೆದಳು. ನಿನ್ನೊಬ್ಬಳಿಗೆ. ಅವ್ವನ ಮುಖ ಅವಳೊಬ್ಬಳಿಗೆ, ಮೊಂಡು ಕತ್ತರಿ ಅವಳೊಬ್ಬಳಿಗೆ, ಲಾರಿಯ ಹಿಂದೆ ಎದ್ದ ಧೂಳು ಅವಳೊಬ್ಬಳಿಗೆ. ಅದರ ಮೇಲೆ ಇದೊಂದು ಸುಳ್ಳೂ ಅವಳೊಬ್ಬಳಿಗೇ. ಹೊರಬಹುದು. ಇಷ್ಟು ಹೊತ್ತ ಕತ್ತೆಗೆ ಇನ್ನೊಂದು ಮೂಟೆ ಭಾರವೇ? ತಂಗಿ ಪಕ್ಕದ ಕೋಣೆಯಲ್ಲಿ ಇರುತ್ತಾಳೆ. ಬೆಳಿಗ್ಗೆ ಎದ್ದರೆ ಕೆಮ್ಮು ಕೇಳುತ್ತದೆ. ಟೀಗೆ ಎರಡು ಲೋಟ ಇಡಬೇಕಾಗುತ್ತದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಮುತ್ತಜ್ಜಿಯ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಚೆನ್ನಾಗಿಯೇ ಇತ್ತು. ಹೇಳಿಬಿಡುತ್ತೇನೆ ಎಂದು ತೀರ್ಮಾನ ಮಾಡಿದಳು.

*

ಮರುದಿನ ಮಧ್ಯಾಹ್ನ ಹೊತ್ತು ಸ್ವಲ್ಪ ವಾಲಿದ ಮೇಲೆ, ಲಿಯಾನ್ ಮನೆ ಮುಂದಿನ ನೆರಳಿನಲ್ಲಿ ಕಂಬಳಿ ಹಾಸಿ, ದನಿ ಹಿಡಿಯುವ ಸಣ್ಣ ಡಬ್ಬಿಯನ್ನು ನಡುವೆ ಇಟ್ಟಳು. ಸಿನಿಮಾದ ತಾಯಿ ಇನ್ನೂ ದಾರಿಯಲ್ಲಿದ್ದಳು. ಮೊದಲು ಕ್ವೀನಿಯ ಬಾಯಲ್ಲೇ ಹೆಸರು ಹಿಡಿದಿಟ್ಟುಕೊಳ್ಳೋಣ, ಆಕೆ ಅದನ್ನು ಕೇಳಿ ಕಲಿಯಲಿ ಎಂಬುದು ಲಿಯಾನಳ ಲೆಕ್ಕ. ಆಚೀಚೆ ಮನೆಯ ಹೆಂಗಸರು ಐದಾರು ಮಂದಿ ಬಂದು ದೂರದಲ್ಲಿ ಕೂತರು. ಡೆಸ್ಮಂಡ್ ಟೊಯೋಟಾಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ಹೇಜಲ್ ಹೊಸದಾಗಿ ಹೊಲಿದ ನೀಲಿ ಗೌನು ಹಾಕಿ, ತಲೆ ಬಾಚಿ, ಶಾಲೆಗೆ ಮೊದಲ ದಿನ ಹೊರಟ ಮಗುವಿನ ಹಾಗೆ ಕಂಬಳಿಯ ಮೇಲೆ ನೆಟ್ಟಗೆ ಕೂತಳು.

“ನೀವು ಯಾವಾಗ ಹೇಳಿದರೂ ಸರಿ ಆಂಟಿ,” ಎಂದು ಲಿಯಾನ್ ಗುಂಡಿ ಒತ್ತಿದಳು.

ಕ್ವೀನಿ ಬಾಯಿ ತೆರೆದಳು. ಮುತ್ತಜ್ಜಿಯ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹೇಜಲ್ ಎರಡೂ ಕೈ ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು, ಅದರೊಳಗೆ ಏನೋ ಬೀಳುತ್ತದೆ ಎಂಬಂತೆ. ಅದನ್ನು ನೋಡಿದ ಮೇಲೆ ಕ್ವೀನಿಗೆ ಆಗಲಿಲ್ಲ. ಬೇರೆ ಯಾರಿಗಾದರೂ ಹೇಳಿಬಿಡಬಹುದಿತ್ತು. ಆ ಅಂಗೈಗೆ ಹಾಕಲಾಗಲಿಲ್ಲ.

“ನಂಗೆ ಗೊತ್ತಿಲ್ಲ,” ಅಂದಳು.

ಹೇಜಲ್ ನಕ್ಕಳು. “ನಾಚ್ಕೋಬೇಡ ಅಕ್ಕಾ. ಮೆಲ್ಲಗೆ ಹೇಳು, ಕೇಳುತ್ತೆ.”

“ನಾಚಿಕೆ ಅಲ್ಲ. ನಂಗೆ ಗೊತ್ತಿಲ್ಲ. ಮರ್ತುಬಿಟ್ಟೆ.”

“ಯಾವಾಗ?”

“ಗೊತ್ತಿಲ್ಲ. ನೀನು ಮೊದಲ್ಸಲ ಬರೋಕೆ ಮುಂಚೇನೇ.”

ಹೇಜಲ್‌ಳ ನಗು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಇಳಿಯಿತು. “ಇಪ್ಪತ್ಮೂರು ವರ್ಷ ಪದ್ಧತಿ ಅಂದೆ.”

“ಅಂದೆ.”

“ಆ ಸಿನಿಮಾದ ಅಂಗಿಗೆ ಸುಳ್ಳು ಅಂತ ಊರ ಮುಂದೆ ಕುರ್ಚಿ ಬೀಳಿಸಿದೆ.”

“ಹೂಂ.”

“ನಾನು ಚಳಿಗಾಲ ಚಳಿಗಾಲವೂ ಬರ್ತಿದ್ದೆ ಅಕ್ಕಾ. ಈ ವರ್ಷ ಹೇಳ್ತಾಳೆ, ಬರೋ ವರ್ಷ ಹೇಳ್ತಾಳೆ. ನೀನು ಕೆಮ್ಮಿದರೂ ಹೇಳೋಕೆ ಹೊರಟೆ ಅಂತ ಎದ್ದು ಕೂರ್ತಿದ್ದೆ.”

“ಮರ್ತೆ ಅಂತ ಹೇಳಿದ್ರೆ ನೀನು ಬರಲ್ಲ ಅಂದ್ಕೊಂಡೆ,” ಅಂದಳು ಕ್ವೀನಿ. ಸಿಟ್ಟು ಬಂದರೆ ಚೆನ್ನಾಗಿತ್ತು, ಅದು ಈ ಹೊತ್ತಿನಲ್ಲಿ ಬರಲಿಲ್ಲ. “ಮರೀಬೇಕು ಅಂತ ಮರೀಲಿಲ್ಲ ಕಣೆ. ಅನ್ನಬಾರದು ಅಂದ್ರು, ಅನ್ನಲಿಲ್ಲ. ಅಷ್ಟೇ ನಾನು ಮಾಡಿದ್ದು. ಎಂಟು ವರ್ಷ ನಂಗೆ. ಅನ್ನದೇ ಇದ್ರೆ ನೀನು ಬೆಚ್ಚಗಿರ್ತೀಯ ಅಂದ್ರು.”

ಹೇಜಲ್ ತಲೆ ಅಲ್ಲಾಡಿಸಿದಳು, ಹೌದು ಅಂತಲೋ ಬೇಡ ಅಂತಲೋ ತಿಳಿಯಲಿಲ್ಲ. “ಟೋಪಿಯವನು ನನ್ನ ಹೆಸರು ಬರೀಲಿಲ್ಲ. ಅವನು ಬೇರೆ ಜನ. ಹೋಮಿನೋರು ಮೊಳೆ ಮೇಲಿದ್ದ ಹೆಸರು ಕೊಟ್ಟರು. ಅವರೂ ಬೇರೆ ಜನ. ಅವರ ಹತ್ತಿರ ಇಲ್ದಿದ್ದರೆ ಏನಂತೆ, ನನ್ನೋರ ಹತ್ತಿರ ಜೋಪಾನವಾಗಿದೆ, ಬಾಯಿ ಬಿಡೋದಷ್ಟೇ ಬಾಕಿ ಅಂದ್ಕೊಂಡೆ. ಅಂಗಿ ಸುಟ್ಟಿದ್ದು ನನಗೆ ತಿಳೀತು. ಇದು ತಿಳೀತಿಲ್ಲ ಅಕ್ಕಾ. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ.”

ಅವಳು ಎದ್ದಳು. ಒಳಗೆ ಹೋಗಿ ಕೈಚೀಲವೊಂದನ್ನು ಮಾತ್ರ ತಂದಳು. ಲಿಯಾನ್ “ಆಂಟಿ ಹೇಜಲ್...” ಎಂದು ಕೈ ಹಿಡಿಯಲು ಹೋದಾಗ, ಆ ಕೈಯನ್ನು ಮೆಲ್ಲಗೆ ಬಿಡಿಸಿದಳು. ಕಾರು ಹಾಲಿನ ಪಕ್ಕದಲ್ಲೇ ಇತ್ತು, ಊರಿನ ಇನ್ನೊಂದು ತುದಿಗೆ. ಹೇಜಲ್ ನಡೆದಳು.

ಕ್ವೀನಿ ಎದ್ದು ನಿಂತಳು. ಕೂಗಬೇಕು. ಏನೆಂದು ಕೂಗುವುದು? ಅಡುಗೆಯವಳ ಹೆಸರು ಬಾಯಿಗೆ ಬರಲಿಲ್ಲ.

“ತಂಗೀ!”

ಈ ಊರಲ್ಲಿ ಅರ್ಧ ಹೆಂಗಸರು ಅವಳಿಗೆ ತಂಗಿಯರೇ. ದೂರ ಕೂತಿದ್ದವರಲ್ಲಿ ಮೂವರು ತಿರುಗಿ ನೋಡಿದರು. ನೀರಿನ ಟ್ಯಾಂಕಿನ ಹತ್ತಿರ ಬಟ್ಟೆ ಒಣಗಿಸುತ್ತಿದ್ದ ಒಬ್ಬಳು, “ಏನಕ್ಕಾ?” ಎಂದು ಓಗೊಟ್ಟಳು. ಹೇಜಲ್ ನಡೆಯುತ್ತಲೇ ಇದ್ದಳು.

ಶಾಲೆಯ ಬೇಲಿಯ ಬಳಿ ಅವಳು ನಿಂತಳು. ಹೇಜಲ್ ಬೇಲಿಯ ಕಂಬ ಹಿಡಿದು, ಒಂದು ಷೂ ತೆಗೆದು, ಅದರೊಳಗಿನ ಮರಳು ಸುರಿದಳು. ಮತ್ತೆ ಹಾಕಿಕೊಂಡಳು. ಹಾಲಿನ ಮೂಲೆ ತಿರುಗಿ ಮರೆಯಾದಳು. ಕಾರು ಹೊರಟ ಸದ್ದು ಕೇಳಿಸಿತು.

“ಕೋಪ ಇಳಿದ ಮೇಲೆ ಬರ್ತಾಳೆ ಅತ್ತೆ,” ಅಂದ ಡೆಸ್ಮಂಡ್. “ಸಾಮಾನೆಲ್ಲ ಇಲ್ಲೇ ಅದೆಯಲ್ಲ.”

ಹೇಜಲ್ ಬರಲಿಲ್ಲ.